ನಡೆದು ಕರಗಿಸಿದ ಕ್ಯಾಲರಿಯನ್ನು ಮತ್ತೆ ತಿನ್ನಬೇಕೇ?

ಪ್ರಶ್ನೆ: ನನಗೆ 38 ವರ್ಷ, ಎತ್ತರ 158 ಸೆಂ.ಮೀ., ತೂಕ 74 ಕೆ.ಜಿ. ಬನಶಂಕರಿಯಲ್ಲಿ ಮನೆ, ಹೊರ ವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಮೂರು ತಿಂಗಳಿಂದ ವಾರಕ್ಕೆ ಐದು ದಿನ ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ಒಂದು ಗಂಟೆ ಬಿರುಸಾಗಿ ನಡೆಯುತ್ತಿದ್ದೇನೆ. ಮೂರು ವಾರದಿಂದ ಎರಡು ಸಂಜೆ ಜಿಮ್‌ಗೂ ಹೋಗುತ್ತಿದ್ದೇನೆ. ಮೊಬೈಲ್ ಆಪ್ ನನಗೆ ದಿನಕ್ಕೆ 1,200 ಕ್ಯಾಲರಿ ಗೊತ್ತು ಮಾಡಿದೆ. ನಡೆದು ಬಂದಾಗ ಸ್ಮಾರ್ಟ್‌ವಾಚ್ 430 ಕ್ಯಾಲರಿ ಖರ್ಚಾಯಿತು ಎನ್ನುತ್ತದೆ. ಆಪ್ ಅದನ್ನು ಕೂಡಿಸಿಕೊಂಡು ಇಂದು 1,630 ತಿನ್ನಬಹುದು ಎಂದು ತೋರಿಸುತ್ತದೆ. ನಮ್ಮ ಮನೆಯವರು ತಿನ್ನಲೇಬೇಕು ಎನ್ನುತ್ತಾರೆ, ಜಿಮ್‌ನ ಟ್ರೈನರ್ ಒಂದು ಅಗುಳೂ ಹೆಚ್ಚು ಬೇಡ ಎನ್ನುತ್ತಾರೆ. ಮೊದಲ ತಿಂಗಳು ಎರಡು ಕೆ.ಜಿ. ಇಳಿಯಿತು, ಆಮೇಲಿನ ಎರಡು ತಿಂಗಳು ತೂಕ ಅಲ್ಲಾಡಿಲ್ಲ. ನನ್ನ ಜೊತೆ ನಡೆಯಲು ಬರುವ ಅಮ್ಮನಿಗೆ 66 ವರ್ಷ. ಮಧುಮೇಹಕ್ಕೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಿಗೂ ಇದೇ ನಿಯಮವೇ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಸಾಲಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದನ್ನು ನಾಳೆಗೆ ಬಿಡುವಂತಿಲ್ಲ. ನಿಮ್ಮ ಅಮ್ಮನಿಗೆ ಈ ನಿಯಮ ಖಂಡಿತ ಅನ್ವಯಿಸುವುದಿಲ್ಲ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಹೊಟ್ಟೆಯಲ್ಲಿ ಆಹಾರ ಇದೆಯೋ ಇಲ್ಲವೋ, ಅದು ತನ್ನ ಕೆಲಸ ಮಾಡಿಯೇ ತೀರುತ್ತದೆ. ನಡೆಯುವಾಗ ಸ್ನಾಯುಗಳೂ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಮಾತ್ರೆ ನುಂಗಿ, ತಿಂಡಿ ತಿನ್ನದೆ ಒಂದು ಗಂಟೆ ನಡೆದರೆ ಎರಡೂ ಸೇರಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಮಾತ್ರೆ ನುಂಗಿ ಖಾಲಿ ಹೊಟ್ಟೆಯಲ್ಲಿ ನಡೆಯುವುದು ಬೇಡವೇ ಬೇಡ. ಗ್ಲುಕೋಮೀಟರ್ ಮನೆಯಲ್ಲಿದ್ದರೆ ಹೊರಡುವ ಮುನ್ನ ನೋಡಿಕೊಳ್ಳಿ. 100ಕ್ಕಿಂತ ಕಡಿಮೆ ಇದ್ದರೆ ಎರಡು ಏಲಕ್ಕಿ ಬಾಳೆಹಣ್ಣನ್ನೋ ಒಂದು ಇಡ್ಲಿಯನ್ನೋ ತಿಂದು ಸ್ವಲ್ಪ ಹೊತ್ತು ಬಿಟ್ಟು ಹೊರಡಲಿ. ಅವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಸಣ್ಣ ಪೊಟ್ಟಣ ಸದಾ ಇರಲಿ. ನಡುಕ, ತಣ್ಣನೆಯ ಬೆವರು, ಎದೆ ಡವಡವ, ಇದ್ದಕ್ಕಿದ್ದಂತೆ ಮಂಕು ಕವಿದಂತಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅಲ್ಲೇ ಕೂರಿಸಿ ಮೂರು ಟೀ ಚಮಚ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷದ ನಂತರವೂ ಸಕ್ಕರೆ 70ರ ಕೆಳಗೇ ಇದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪುವಂತಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಸ್ಕತ್ತು, ಚಾಕೊಲೇಟ್ ಆ ಹೊತ್ತಿಗೆ ಉಪಯೋಗವಿಲ್ಲ, ಅವುಗಳಲ್ಲಿನ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಇಂಥದ್ದು ಪದೇ ಪದೇ ಆಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ಮಾತ್ರೆಯ ಪ್ರಮಾಣ ಇಳಿಸಬೇಕಾಗಬಹುದು. ಮಾತ್ರೆಗೆ ಹೊಂದಿಸುವುದಕ್ಕೋಸ್ಕರ ದಿನವೂ ಹೆಚ್ಚು ತಿನ್ನುವ ಸ್ಥಿತಿ ಒಳ್ಳೆಯದಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಮನೆಯವರು ಮತ್ತು ಟ್ರೈನರ್ ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ, ಏಕೆಂದರೆ ಅವರು ಎರಡು ಬೇರೆ ಲೆಕ್ಕಗಳ ಬಗ್ಗೆ ಮಾತನಾಡುತ್ತಿದ್ದಾರೆ. ದಿನದ ಕ್ಯಾಲರಿ ಮಿತಿಯನ್ನು ಗೊತ್ತು ಮಾಡಲು ಎರಡು ದಾರಿಗಳಿವೆ. ಒಂದರಲ್ಲಿ ನೀವು ವ್ಯಾಯಾಮವನ್ನೇ ಮಾಡುವುದಿಲ್ಲ ಎಂದುಕೊಂಡು ಮಿತಿ ಹಾಕುತ್ತಾರೆ, ವ್ಯಾಯಾಮ ಮಾಡಿದ ದಿನ ಅದನ್ನು ಪ್ರತ್ಯೇಕವಾಗಿ ಕೂಡಿಸುತ್ತಾರೆ. ಮೈಫಿಟ್‌ನೆಸ್‌ಪಾಲ್‌ನಂತಹ ಆಪ್‌ಗಳ ರೀತಿ ಇದು. ಇನ್ನೊಂದರಲ್ಲಿ ವಾರದ ನಡಿಗೆ, ಜಿಮ್ ಎಲ್ಲವನ್ನೂ ಮೊದಲೇ ಸೇರಿಸಿ, ಸರಾಸರಿ ತೆಗೆದು ಮಿತಿ ಹಾಕುತ್ತಾರೆ. ಹೆಚ್ಚಿನ ಟ್ರೈನರ್‌ಗಳು, ಆಹಾರ ತಜ್ಞರು ಅನುಸರಿಸುವುದು ಈ ಎರಡನೆಯದನ್ನು. ಮೊದಲ ರೀತಿಯಲ್ಲಿ ಸ್ವಲ್ಪವಾದರೂ ತಿನ್ನಬೇಕು, ಎರಡನೆಯದರಲ್ಲಿ ತಿಂದರೆ ಒಂದೇ ನಡಿಗೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಆದ್ದರಿಂದ ತಿನ್ನಬೇಕೇ ಬೇಡವೇ ಎಂದು ಕೇಳುವ ಮೊದಲು ಆ 1,200 ಎಲ್ಲಿಂದ ಬಂತು ಎಂದು ಕೇಳಬೇಕು.

ನಿಮ್ಮ ವಯಸ್ಸು, ಎತ್ತರ, ತೂಕವನ್ನು ಮಿಫ್ಲಿನ್–ಸೇಂಟ್ ಜಿಯರ್ ಸೂತ್ರಕ್ಕೆ ಹಾಕಿದರೆ, ದಿನವಿಡೀ ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಶಕ್ತಿ ಸುಮಾರು 1,375 ಕ್ಯಾಲರಿ ಎಂದು ಬರುತ್ತದೆ. ಭಾರತೀಯರಲ್ಲಿ ಇದು ಸ್ವಲ್ಪ ಕಡಿಮೆಯೇ ಇರುತ್ತದೆ, 1,300 ಎಂದುಕೊಳ್ಳೋಣ. ಕುರ್ಚಿಯ ಕೆಲಸ, ಕ್ಯಾಬ್‌ನ ಪ್ರಯಾಣ, ಮನೆಯೊಳಗಿನ ಓಡಾಟ ಸೇರಿದರೆ 1,800 ದಾಟುತ್ತದೆ. ನಡಿಗೆಯೂ ಸೇರಿ ವಾರದ ಸರಾಸರಿ ದಿನಕ್ಕೆ 1,900ರಿಂದ 2,000. ಇದು ನಿಮ್ಮ ತೂಕ ಏರದೆ ಇಳಿಯದೆ ನಿಲ್ಲುವ ಮಟ್ಟ. ಆಪ್‌ನಲ್ಲಿ ನೀವು ವಾರಕ್ಕೆ ಒಂದು ಕೆ.ಜಿ. ಇಳಿಯಬೇಕು ಎಂದು ಆರಿಸಿಕೊಂಡಿರಬೇಕು. ಒಂದು ಕೆ.ಜಿ. ದೇಹದ ಕೊಬ್ಬು ಎಂದರೆ ಸುಮಾರು 7,700 ಕ್ಯಾಲರಿ, ಏಳು ದಿನಕ್ಕೆ ಹಂಚಿದರೆ ದಿನಕ್ಕೆ 1,100 ಕಡಿಮೆ ಮಾಡಬೇಕು. ಹಾಗೆ ಕಳೆದರೆ ನಿಮಗೆ ಉಳಿಯುವುದು 800ರ ಆಸುಪಾಸು. ಅಷ್ಟು ಕೆಳಗಿಳಿಯಲು ಬಿಡಬಾರದೆಂದು ಆಪ್ 1,200ಕ್ಕೆ ತಡೆ ಹಾಕಿದೆ. ಹಾಗಾಗಿ ಅದು ನಿಮ್ಮ ದೇಹವನ್ನು ನೋಡಿ ಅಳೆದು ಕೊಟ್ಟ ಅಂಕಿಯಲ್ಲ. 74 ಕೆ.ಜಿ. ತೂಕದ, ಬೆಳಿಗ್ಗೆ ಒಂದು ಗಂಟೆ ನಡೆದು ಇಡೀ ದಿನ ದುಡಿಯುವ ಹೆಂಗಸಿಗೆ 1,200 ಸಾಲದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ, ಕುಳಿತು ಕೆಲಸ ಮಾಡುವ 55 ಕೆ.ಜಿ. ಮಹಿಳೆಗೇ ದಿನಕ್ಕೆ 1,660 ಕ್ಯಾಲರಿ ಬೇಕು. ತೂಕ ಇಳಿಸುವಾಗ ಅದಕ್ಕಿಂತ ಕೆಳಗೆ ಹೋಗಬೇಕು, ನಿಜ. ಆದರೆ ಎಷ್ಟು ಕೆಳಗೆ ಎಂಬುದಕ್ಕೆ ಮಿತಿ ಇದೆ.

ಇನ್ನು ಆ 430. ಬಿರುಸು ನಡಿಗೆಯಲ್ಲಿ ದೇಹ ಖರ್ಚು ಮಾಡುವ ಶಕ್ತಿ, ಸುಮ್ಮನೆ ಕುಳಿತಾಗಿನ ಖರ್ಚಿನ ನಾಲ್ಕು ಪಟ್ಟು. ಕುಳಿತಾಗಿನ ಖರ್ಚು ಒಂದು ಕೆ.ಜಿ. ತೂಕಕ್ಕೆ ಗಂಟೆಗೆ ಸುಮಾರು ಒಂದು ಕ್ಯಾಲರಿ. 74 ಕೆ.ಜಿ.ಗೆ ಒಂದು ಗಂಟೆಯ ನಡಿಗೆ 296 ಕ್ಯಾಲರಿಯಾಯಿತು. ವಾಚ್ ಹೇಳಿದ್ದಕ್ಕಿಂತ ಇದೇ ಎಷ್ಟೋ ಕಡಿಮೆ. ಅದರೊಳಗೂ ಒಂದು ಭಾಗ ನಡಿಗೆಯಿಂದ ಬಂದದ್ದಲ್ಲ. ನೀವು ಲಾಲ್‌ಬಾಗ್‌ಗೆ ಹೋಗದೆ ಮನೆಯಲ್ಲೇ ಕಾಫಿ ಕಾಯಿಸಿ, ಡಬ್ಬಿ ಕಟ್ಟುತ್ತಾ ಆ ಗಂಟೆ ಕಳೆದಿದ್ದರೂ 110 ಕ್ಯಾಲರಿ ಹೇಗೂ ಖರ್ಚಾಗುತ್ತಿತ್ತು, ಅದು ನಿಮ್ಮ ದಿನದ ಲೆಕ್ಕದಲ್ಲಿ ಆಗಲೇ ಸೇರಿದೆ. ಅದನ್ನು ಕಳೆದರೆ ನಡಿಗೆಯಿಂದ ನಿಜವಾಗಿ ಹೆಚ್ಚುವರಿಯಾಗಿ ಆದ ಖರ್ಚು 185 ಕ್ಯಾಲರಿ. ಕೆಲವು ವಾಚ್‌ಗಳಲ್ಲಿ ‘ಆ್ಯಕ್ಟಿವ್’ ಮತ್ತು ‘ಟೋಟಲ್’ ಎಂದು ಎರಡು ಅಂಕಿಗಳು ಇರುತ್ತವೆ, ನಿಮ್ಮದರಲ್ಲಿ ಇದ್ದರೆ ನೋಡಿ. ನೀವು ಹೇಳುತ್ತಿರುವುದು ಟೋಟಲ್ ಇರಬಹುದು.

ಕೈಗೆ ಕಟ್ಟುವ ಯಂತ್ರಗಳು ಕ್ಯಾಲರಿ ವಿಷಯದಲ್ಲಿ ಎಷ್ಟು ತಪ್ಪುತ್ತವೆ ಎಂಬುದನ್ನು 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿದ್ದರು. ಏಳು ಬಗೆಯ ವಾಚ್‌ಗಳು, 60 ಮಂದಿ ಸ್ವಯಂಸೇವಕರು. ಹೃದಯ ಬಡಿತವನ್ನು ಏಳರಲ್ಲಿ ಆರು ವಾಚ್‌ಗಳು ಶೇ 5ರೊಳಗಿನ ತಪ್ಪಿನಲ್ಲಿ ಸರಿಯಾಗಿ ಅಳೆದವು. ಕ್ಯಾಲರಿಯ ವಿಷಯದಲ್ಲಿ ಎಲ್ಲಕ್ಕಿಂತ ನಿಖರವಾದದ್ದೇ ಸರಾಸರಿ ಶೇ 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು ಶೇ 93ರಷ್ಟು. ಅಲ್ಲಿಂದ ಈಚೆಗೆ ಯಂತ್ರಗಳು ಬದಲಾಗಿವೆ, ಆದರೆ ಮೂಲದ ತೊಡಕು ಹಾಗೆಯೇ ಇದೆ. ಬಡಿತವನ್ನು ಚರ್ಮದ ಮೇಲಿನಿಂದ ಬೆಳಕು ಹಾಯಿಸಿ ಎಣಿಸಬಹುದು, ಕ್ಯಾಲರಿಯನ್ನು ಅಂದಾಜು ಮಾಡಬೇಕಷ್ಟೇ. ಬಿಸಿಲು, ಗಟ್ಟಿ ಕಾಫಿ, ನಿದ್ದೆಗೆಟ್ಟ ರಾತ್ರಿ, ಕಚೇರಿಯ ಚಿಂತೆ, ಯಾವುದರಿಂದ ಬಡಿತ ಏರಿದರೂ ಯಂತ್ರದ ಅಂದಾಜು ಏರುತ್ತದೆ. ಜಿಮ್‌ನಲ್ಲಿ ಇದು ಇನ್ನೂ ಹೆಚ್ಚು. ಭಾರ ಎತ್ತುವಾಗ ಬಡಿತ ಜಿಗಿಯುತ್ತದೆ, ಆದರೆ ದೇಹ ಬಳಸುವ ಆಮ್ಲಜನಕ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಜಿಮ್‌ನ ಮುಕ್ಕಾಲು ಗಂಟೆಯಲ್ಲಿ ಅರ್ಧದಷ್ಟು ಹೊತ್ತು ವಿಶ್ರಾಂತಿಯೇ ಇರುತ್ತದೆ. ಜಿಮ್ ದಿನದ ಕ್ಯಾಲರಿಯನ್ನು ಆಪ್‌ಗೆ ಸೇರಿಸಲೇಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಉಳಿದ 185 ಕೂಡ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ. ಮನೆಯಲ್ಲಿ ಮದುವೆ ಬಂದ ವರ್ಷ ಉಳಿದ ಖರ್ಚುಗಳಿಗೆ ತಾನಾಗಿ ಕತ್ತರಿ ಬೀಳುವಂತೆ, ವ್ಯಾಯಾಮಕ್ಕೆ ಶಕ್ತಿ ವ್ಯಯಿಸಿದ ದೇಹ ಬೇರೆ ಕಡೆ ಮಿಗಿಸುತ್ತದೆ. 2021ರಲ್ಲಿ ಪ್ರಕಟವಾದ, 1,754 ವಯಸ್ಕರ ಶಕ್ತಿವ್ಯಯವನ್ನು ಅಳೆದ ಅಧ್ಯಯನವೊಂದರಲ್ಲಿ ಚಟುವಟಿಕೆಯಿಂದಾಗುವ ಹೆಚ್ಚುವರಿ ಖರ್ಚಿನ ಶೇ 28ರಷ್ಟನ್ನು ದೇಹ ಹೀಗೆ ಸರಿತೂಗಿಸಿಕೊಳ್ಳುತ್ತದೆ ಎಂದು ಕಂಡುಬಂತು. ಇದಕ್ಕೂ ಮೊದಲು, 2012ರಲ್ಲಿ, ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಟಾಂಜಾನಿಯಾದ ಹಡ್ಜಾ ಬೇಟೆಗಾರರ ದಿನದ ಶಕ್ತಿವ್ಯಯವನ್ನು ಅಳೆದಿದ್ದರು. ದಿನವೂ ಮೈಲಿಗಟ್ಟಲೆ ನಡೆಯುವ ಅವರ ಒಟ್ಟು ಖರ್ಚು, ದೇಹದ ಗಾತ್ರವನ್ನು ಗಣನೆಗೆ ತೆಗೆದುಕೊಂಡ ಮೇಲೆ, ಕುರ್ಚಿಯಲ್ಲಿ ಕೂರುವ ಪಾಶ್ಚಾತ್ಯರಿಗಿಂತ ಹೆಚ್ಚೇನೂ ಇರಲಿಲ್ಲ. ಈ ಉಳಿತಾಯದ ಒಂದು ಭಾಗ ದೇಹದೊಳಗೇ ನಡೆಯುತ್ತದೆ, ನಮ್ಮ ಕಣ್ಣಿಗೆ ಬೀಳದು. ಇನ್ನೊಂದು ಭಾಗ ನಮ್ಮ ನಡವಳಿಕೆಯಲ್ಲೇ ಇದೆ. ಬೆಳಿಗ್ಗೆ ನಡೆದಾಯಿತಲ್ಲ ಎಂದು ಕಚೇರಿಯಲ್ಲಿ ಮೆಟ್ಟಿಲು ಬಿಟ್ಟು ಲಿಫ್ಟ್ ಹತ್ತುತ್ತೇವೆ, ಸಂಜೆ ಅಂಗಡಿಗೆ ಹೋಗುವ ಬದಲು ಸಾಮಾನನ್ನು ಮನೆಗೇ ತರಿಸುತ್ತೇವೆ. 185ರಲ್ಲಿ ಶೇ 28 ಹೋದರೆ ಉಳಿಯುವುದು 133. ವಾಚ್ 430 ಎಂದದ್ದು ಕೊನೆಗೆ ಇಲ್ಲಿಗೆ ಬಂದು ನಿಲ್ಲುತ್ತದೆ. ಎರಡು ಇಡ್ಲಿಗೂ ಸಾಲದಷ್ಟು.

ಇದನ್ನು ಓದಿ ನಡಿಗೆ ವ್ಯರ್ಥ ಎಂದು ದಯವಿಟ್ಟು ತಿಳಿಯಬೇಡಿ. ನಡಿಗೆಯಿಂದ ರಕ್ತದೊತ್ತಡ, ಸಕ್ಕರೆ, ನಿದ್ದೆ, ಮನಸ್ಸು ಎಲ್ಲಕ್ಕೂ ಆಗುವ ಒಳಿತು ಕ್ಯಾಲರಿಯ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಇಳಿದ ತೂಕ ಮತ್ತೆ ಏರದಂತೆ ಕಾಯುವುದರಲ್ಲಂತೂ ಅದರ ಪಾತ್ರ ದೊಡ್ಡದು. ಜಿಮ್ ನಿಮ್ಮ ಸ್ನಾಯುಗಳನ್ನು ಉಳಿಸುತ್ತದೆ. ತಿನ್ನುವುದನ್ನು ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದನ್ನು ತಡೆಯಲು ಭಾರ ಎತ್ತುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಾನು ಹೇಳುತ್ತಿರುವುದು ಇಷ್ಟೇ: ವ್ಯಾಯಾಮವನ್ನು ತಿಂಡಿಯ ಬೆಲೆಯಾಗಿ ಎಣಿಸಬೇಡಿ.

ಹಾಗಾದರೆ ಮಾಡಬೇಕಾದದ್ದೇನು? ಆಪ್‌ನಲ್ಲಿ ವ್ಯಾಯಾಮದ ಕ್ಯಾಲರಿ ತಾನಾಗಿ ಸೇರುವ ಸೌಲಭ್ಯವನ್ನು ನಿಲ್ಲಿಸಿ. ದಿನದ ಮಿತಿಯನ್ನು 1,500ಕ್ಕೆ ಏರಿಸಿ. ನಡೆದ ದಿನವೂ 1,500, ನಡೆಯದ ದಿನವೂ 1,500. ನಿಮ್ಮ ನಡಿಗೆ ಇದರೊಳಗೇ ಸೇರಿದೆ. ದಿನಕ್ಕೆ 400ರಿಂದ 500 ಕ್ಯಾಲರಿ ಕೊರತೆಯಾಗುತ್ತದೆ, ವಾರಕ್ಕೆ 400 ಗ್ರಾಂ ಆಸುಪಾಸು ತೂಕ ಇಳಿಯಬೇಕು.

ಲೆಕ್ಕ ಬಲ್ಲ ನೀವು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಈಗಿನ ರೀತಿಯಲ್ಲೇ ಐದು ದಿನ 1,630, ಎರಡು ದಿನ 1,200 ತಿಂದರೆ ವಾರದ ಸರಾಸರಿ 1,507 ಬರುತ್ತದೆ. ಎರಡೂ ಒಂದೇ ಅಲ್ಲವೇ? ಕಾಗದದ ಮೇಲೆ ಒಂದೇ. ಬದುಕಿನಲ್ಲಿ ಒಂದೇ ಆಗುವುದಿಲ್ಲ. ಹಸಿವು ನಡಿಗೆಯ ದಿನಚರಿಯನ್ನು ನೋಡಿಕೊಂಡು ಬರುವುದಿಲ್ಲ. ನಡೆದ ದಿನ ಅಷ್ಟೇನೂ ಹಸಿಯದೆ, ಮರುದಿನ ವಿಪರೀತ ಹಸಿಯುವುದು ಬಹಳ ಜನರ ಅನುಭವ. ಆ ಮರುದಿನಕ್ಕೆ ನಿಮ್ಮ ಆಪ್ 1,200 ಎಂದು ಬರೆದಿಟ್ಟಿರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಎರಡು ಮೂರು ಬೆಳಗು ಒಟ್ಟಿಗೆ ತಪ್ಪಿದರೆ 1,200ರ ದಿನಗಳು ಸಾಲಾಗಿ ಬರುತ್ತವೆ. ಸಂಜೆ ಏಳಕ್ಕೆ ಕಚೇರಿ ಬಿಟ್ಟು ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಕುಳಿತು ಮನೆ ಸೇರಿದವರಿಗೆ 1,200ರಲ್ಲಿ ಉಳಿದ 250 ಕ್ಯಾಲರಿಯ ಊಟ ಸಾಕಾಗುವುದಿಲ್ಲ. ಆಗ ಚಕ್ಕುಲಿ ಡಬ್ಬ ತೆರೆಯುತ್ತದೆ, ಅಲ್ಲಿ ತಿಂದದ್ದನ್ನು ಯಾರೂ ಬರೆದಿಡುವುದಿಲ್ಲ. ಸಂಕಲ್ಪ ಸಾಲದೆ ಹೀಗಾಗುತ್ತದೆ ಎಂದು ನಾನು ನಂಬುವುದಿಲ್ಲ. ಮಿತಿಯನ್ನೇ ತಪ್ಪಾಗಿ ಹಾಕಿದರೆ ಹೀಗೇ ಆಗುವುದು.

ಇದಕ್ಕೇ ಸೇರಿದ ಇನ್ನೊಂದು ಮಾತಿದೆ, ಅದನ್ನು ನೇರವಾಗಿಯೇ ಹೇಳಬೇಕು. ನೀವು ನಿಜಕ್ಕೂ ದಿನಕ್ಕೆ ಸರಾಸರಿ 1,507 ತಿನ್ನುತ್ತಿದ್ದರೆ ಎರಡು ತಿಂಗಳಲ್ಲಿ ಮೂರು ಕೆ.ಜಿ.ಯಾದರೂ ಇಳಿಯಬೇಕಿತ್ತು. ಹೊಸದಾಗಿ ಜಿಮ್ ಸೇರಿದಾಗ ಸ್ನಾಯುಗಳು ನೀರು ಹಿಡಿದಿಟ್ಟುಕೊಂಡು ಎರಡು ಮೂರು ವಾರ ತೂಕ ನಿಂತಂತೆ ಕಾಣುತ್ತದೆ, ಮುಟ್ಟಿನ ಮುಂಚೆ ಒಂದೆರಡು ಕೆ.ಜಿ. ನೀರು ಸೇರುವುದೂ ಇದೆ. ಈ ಯಾವುದೂ ಎರಡು ತಿಂಗಳವರೆಗೆ ಕೊಬ್ಬಿನ ಇಳಿತವನ್ನು ಮರೆಮಾಡುವುದಿಲ್ಲ. ಥೈರಾಯ್ಡ್ ಪರೀಕ್ಷೆ ಈ ವರ್ಷ ಮಾಡಿಸಿಲ್ಲದಿದ್ದರೆ ಒಮ್ಮೆ ಮಾಡಿಸಿ. ಅದು ಸರಿ ಇದ್ದರೆ, ನಿಮ್ಮ ದೇಹಕ್ಕೆ ಸೇರುತ್ತಿರುವುದು ದಿನಕ್ಕೆ 1,900ರಷ್ಟು ಎಂದು ತಿಳಿಯಬೇಕು. ಇದರಲ್ಲಿ ನಿಮ್ಮ ಪ್ರಾಮಾಣಿಕತೆಯ ಪ್ರಶ್ನೆಯೇ ಇಲ್ಲ. 1992ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂದ ಹೆಸರಾಂತ ಅಧ್ಯಯನವೊಂದರಲ್ಲಿ, ಎಷ್ಟು ಕಡಿಮೆ ತಿಂದರೂ ಇಳಿಯುತ್ತಿಲ್ಲ ಎನ್ನುತ್ತಿದ್ದವರ ಊಟವನ್ನು ಅಳೆದು ನೋಡಿದಾಗ ಅವರು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆಯಾಗಿ, ಚಟುವಟಿಕೆಯನ್ನು ಶೇ 51ರಷ್ಟು ಹೆಚ್ಚಾಗಿ ಹೇಳಿದ್ದರು. ಬೇಕೆಂದೇ ಹಾಗೆ ಹೇಳಿದ್ದಲ್ಲ, ಅಂದಾಜು ತಪ್ಪಿತ್ತು.

ನಮ್ಮ ಅಡುಗೆಮನೆಗಳಲ್ಲಿ ಅಂದಾಜು ತಪ್ಪುವುದು ಮುಖ್ಯವಾಗಿ ಎಣ್ಣೆಯಲ್ಲಿ. ಆಪ್‌ನಲ್ಲಿ ‘ಹುರುಳಿಕಾಯಿ ಪಲ್ಯ, ಒಂದು ಕಪ್’ ಎಂದು ಒತ್ತಿದರೆ ಯಾರದೋ ಮನೆಯ ಒಗ್ಗರಣೆಯ ಲೆಕ್ಕ ಬರುತ್ತದೆ, ನಿಮ್ಮ ಮನೆಯದಲ್ಲ. ಸುಲಭದ ಪರೀಕ್ಷೆ ಒಂದಿದೆ. ತಿಂಗಳ ಮೊದಲ ದಿನ ಎಣ್ಣೆಯ ಹೊಸ ಪ್ಯಾಕೆಟ್ ಒಡೆದಾಗ ದಿನಾಂಕ ಬರೆದಿಡಿ, ತಿಂಗಳ ಕೊನೆಗೆ ಎಷ್ಟು ಲೀಟರ್ ಮುಗಿಯಿತು ನೋಡಿ. ಒಂದು ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ, ಒಂದು ಗ್ರಾಮಿಗೆ ಒಂಬತ್ತು ಕ್ಯಾಲರಿ. ಮೂವರ ಮನೆಯಲ್ಲಿ ಮೂರು ಲೀಟರ್ ಮುಗಿದಿದ್ದರೆ ತಲೆಗೆ ದಿನಕ್ಕೆ 30 ಗ್ರಾಂ, ಅಂದರೆ 270 ಕ್ಯಾಲರಿ. ನಿಮ್ಮ ಬೆಳಗಿನ ನಡಿಗೆಯ ಎರಡರಷ್ಟು. ತುಪ್ಪ, ಕೊಬ್ಬರಿ, ಶೇಂಗಾ ಇದರಲ್ಲಿ ಸೇರಿಲ್ಲ. ಬಾಟಲಿಯಿಂದ ಬಾಣಲೆಗೆ ನೇರವಾಗಿ ಸುರಿಯುವುದನ್ನು ಬಿಟ್ಟು ಟೀ ಚಮಚದಲ್ಲಿ ಅಳೆದು ಹಾಕಲು ಶುರು ಮಾಡಿ. ಒಂದು ಚಮಚಕ್ಕೆ 45 ಕ್ಯಾಲರಿ. ಈ ಒಂದು ಬದಲಾವಣೆಯಿಂದಲೇ ತೂಕ ಮತ್ತೆ ಇಳಿಯತೊಡಗಿದ ಮನೆಗಳನ್ನು ನಾನು ಬಹಳ ಕಂಡಿದ್ದೇನೆ.

ಎರಡನೆಯ ಜಾಗ, ನಡಿಗೆ ಮುಗಿಸಿ ಬರುವ ದಾರಿಯ ದರ್ಶಿನಿ. ನೀವು ಅದರ ಬಗ್ಗೆ ಬರೆದಿಲ್ಲ, ಆದರೆ ಲಾಲ್‌ಬಾಗ್‌ನಿಂದ ಬನಶಂಕರಿಗೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ಏಳೂವರೆಗೆ ತುಪ್ಪದ ಪರಿಮಳ ಎದುರಾಗದೆ ಇರುವುದಿಲ್ಲ. ಒಂದು ಪ್ಲೇಟ್ ಚೌಚೌ ಬಾತ್ ತೆಗೆದುಕೊಳ್ಳಿ. ಖಾರಾಬಾತ್ ಮತ್ತು ಕೇಸರಿಬಾತ್ ಎರಡಕ್ಕೂ ಸೇರಿ 80 ಗ್ರಾಂ ರವೆ ಇದ್ದರೆ 280 ಕ್ಯಾಲರಿ, ಎಣ್ಣೆ ತುಪ್ಪ 25 ಗ್ರಾಂ ಎಂದರೆ 225, ಕೇಸರಿಬಾತ್‌ನ 30 ಗ್ರಾಂ ಸಕ್ಕರೆಗೆ 120. ಚಟ್ನಿ ಮತ್ತು ಕಾಫಿ ಬರುವ ಮೊದಲೇ 625. ವಾಚ್‌ನ 430 ನೋಡಿ ಹೆಚ್ಚುಕಡಿಮೆ ಸರಿಹೋಯಿತು ಎಂದುಕೊಳ್ಳುವ ಮನಸ್ಸಿಗೆ, ನಿಜವಾದ 133 ಗೊತ್ತಿದ್ದರೆ ಆಯ್ಕೆ ಬೇರೆಯಾಗಬಹುದು. ದರ್ಶಿನಿಗೆ ಹೋಗಲೇಬಾರದು ಎನ್ನುವುದಿಲ್ಲ. ಎರಡು ಇಡ್ಲಿ, ಸಾಂಬಾರು, ಸಕ್ಕರೆ ಕಡಿಮೆ ಹಾಕಿದ ಕಾಫಿ 250ರೊಳಗೆ ಮುಗಿಯುತ್ತದೆ. ಚೌಚೌ ಬಾತ್ ಆಸೆಯಾದ ಭಾನುವಾರ ತಿನ್ನಿ, ಆ ದಿನದ 1,500ರಲ್ಲಿ ಅದನ್ನು ಸೇರಿಸಿ, ಮಧ್ಯಾಹ್ನದ ಊಟ ಹಗುರ ಮಾಡಿಕೊಳ್ಳಿ. ನಡೆದದ್ದಕ್ಕೆ ಬಹುಮಾನವಾಗಿ ಮಾತ್ರ ತಿನ್ನಬೇಡಿ. ಪಾರ್ಕಿನ ಬಾಗಿಲಲ್ಲಿ ಸಿಗುವ ಎಳನೀರು ಪರವಾಗಿಲ್ಲ, ಒಂದಕ್ಕೆ 50 ಕ್ಯಾಲರಿ ಆಸುಪಾಸು. ಒಂದು ಗಂಟೆಯ ನಡಿಗೆಗೆ ಪ್ರೊಟೀನ್ ಬಾರ್, ಬಣ್ಣದ ಶಕ್ತಿಪೇಯ ಯಾವುದೂ ಬೇಕಿಲ್ಲ, ನೀರು ಸಾಕು.

1,500ರೊಳಗೆ ಪ್ರೊಟೀನ್‌ಗೆ ಮೊದಲ ಜಾಗ ಕೊಡಿ, ದಿನಕ್ಕೆ 70 ಗ್ರಾಂ ಗುರಿ ಇರಲಿ. ಸಸ್ಯಾಹಾರಿಗಳಿಗೆ ಇದು ತಾನಾಗಿ ಸಿಗುವುದಿಲ್ಲ, ಯೋಚಿಸಿ ಹೊಂದಿಸಬೇಕು. 30 ಗ್ರಾಂ ಬೇಳೆಯಲ್ಲಿ 7 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8, 100 ಗ್ರಾಂ ಪನೀರ್‌ನಲ್ಲಿ 18, 30 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 15 ಗ್ರಾಂ. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ 6. ಮೊಳಕೆ ಹುರುಳಿಯ ಸಾರು, ಹೆಸರುಬೇಳೆ ಕೋಸಂಬರಿ, ಮಸೊಪ್ಪಿಗೆ ಇನ್ನೊಂದು ಹಿಡಿ ಬೇಳೆ, ನಮ್ಮ ಅಡುಗೆಯಲ್ಲೇ ದಾರಿಗಳಿವೆ. ಹಸಿವು ತಡೆಯುವುದರಲ್ಲೂ ಪ್ರೊಟೀನ್‌ನಷ್ಟು ನೆರವಾಗುವ ಆಹಾರ ಬೇರೆ ಇಲ್ಲ.

ವ್ಯಾಯಾಮದ ಕ್ಯಾಲರಿಯನ್ನು ತಿನ್ನಲೇಬೇಕಾದವರು ಇದ್ದಾರೆ, ಅವರ ಬಗ್ಗೆಯೂ ಹೇಳಬೇಕು. ಭಾನುವಾರ ನಸುಕಿಗೆ ಸೈಕಲ್ ಹತ್ತಿ ನಂದಿ ಬೆಟ್ಟಕ್ಕೆ ಹೋಗಿ ಬರುವವರು, ಬೆಂಗಳೂರಿನ 10ಕೆ ಓಟಕ್ಕೋ ಮ್ಯಾರಥಾನ್‌ಗೋ ತಯಾರಾಗುವವರು ಸಾಮಾನ್ಯ ದಿನದಷ್ಟೇ ತಿಂದರೆ ಸಾಲದು. ಓಟದಲ್ಲಿ ಒಂದು ಕಿಲೋಮೀಟರಿಗೆ, ಒಂದು ಕೆ.ಜಿ. ತೂಕಕ್ಕೆ ಸುಮಾರು ಒಂದು ಕ್ಯಾಲರಿ ಖರ್ಚು. ನೀವೇ ಮುಂದೆ ಹತ್ತು ಕಿಲೋಮೀಟರ್ ಓಡಿದರೆ 740. ಅಂಥ ದಿನ ಅದರ ಅರ್ಧದಷ್ಟನ್ನು, ಓಟದ ಮುಂಚೆ ಮತ್ತು ಓಟ ಮುಗಿದ ಒಂದೆರಡು ಗಂಟೆಯೊಳಗೆ, ಅನ್ನ, ಅವಲಕ್ಕಿ, ಬಾಳೆಹಣ್ಣು, ಹಾಲು, ಬೇಳೆಯ ರೂಪದಲ್ಲಿ ತಿನ್ನಿ. ಆಗಲೇ ಸಪೂರವಾಗಿದ್ದು, ಇನ್ನೂ ಇಳಿಸಲು ಓಡುತ್ತಾ ಊಟ ಬಿಡುವ ಹುಡುಗಿಯರ ಬಗ್ಗೆ ನನಗೆ ನಿಜವಾದ ಆತಂಕವಿದೆ. ಅಂಥವರಲ್ಲಿ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಸಣ್ಣ ಏಟಿಗೂ ಬಿರುಕು ಬಿಡುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಸ್ಥಿತಿಯ ಬಗ್ಗೆ ಪ್ರತ್ಯೇಕವಾಗಿ ಎಚ್ಚರಿಸಿತು, ಗಂಡು ಕ್ರೀಡಾಪಟುಗಳೂ ಇದಕ್ಕೆ ಹೊರತಲ್ಲ ಎಂದಿತು. ಹಾಲೂಡಿಸುವ ತಾಯಂದಿರಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲರಿ ಹೆಚ್ಚು ಬೇಕು, ಅವರು ಕೊರತೆಯ ಲೆಕ್ಕಕ್ಕೆ ಕೈ ಹಾಕುವ ಮುನ್ನ ವೈದ್ಯರನ್ನು ಕೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ನಿಮ್ಮ ಅಮ್ಮನಿಗೆ ಹೇಳಿದ ಎಚ್ಚರಿಕೆಯೇ.

ನಿಮಗೂ ಒಂದು ವಿನಾಯಿತಿ ಇದೆ. ಮಧ್ಯಾಹ್ನ ಮೂರಕ್ಕೆ ಕೈ ನಡುಗುವಷ್ಟು ಹಸಿವಾದರೆ, ರಾತ್ರಿ ಹಸಿವಿಗೆ ಎಚ್ಚರವಾದರೆ, ಜಿಮ್‌ನಲ್ಲಿ ಕಳೆದ ವಾರ ಎತ್ತಿದ ಭಾರ ಈ ವಾರ ಎತ್ತಲಾಗದಿದ್ದರೆ, ಮುಟ್ಟು ಹಿಂದುಮುಂದಾದರೆ, 1,500 ಎಂಬ ಅಂಕಿಗೆ ಜೋತುಬೀಳಬೇಡಿ. ದಿನಕ್ಕೆ 150 ಕ್ಯಾಲರಿ ಏರಿಸಿ. ಒಂದು ಹಿಡಿ ಹುರಿಗಡಲೆ ಮತ್ತು ಒಂದು ಲೋಟ ಮಜ್ಜಿಗೆ ಅಷ್ಟಾಗುತ್ತದೆ. ಅದನ್ನು ಎಲ್ಲ ದಿನವೂ ಏರಿಸಿ, ನಡೆದ ದಿನ ಮಾತ್ರವಲ್ಲ.

ತೂಕವನ್ನು ದಿನವೂ ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮುನ್ನ ನೋಡಿ ಬರೆದಿಡಿ. ಒಂದೊಂದು ದಿನದ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಏಳು ದಿನದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯೊಂದಿಗೆ ಹೋಲಿಸಿ. ಸೊಂಟದ ಸುತ್ತಳತೆಯನ್ನು ಹದಿನೈದು ದಿನಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಟೇಪಿನಿಂದ ಅಳೆಯಿರಿ. ತೂಕ ನಿಂತಂತಿದ್ದು ಸೊಂಟ ಒಂದು ಸೆಂಟಿಮೀಟರ್ ಇಳಿದಿದ್ದರೆ ದಾರಿ ಸರಿಯಾಗಿದೆ, ಏನನ್ನೂ ಬದಲಿಸಬೇಡಿ. ವಾರಕ್ಕೆ 350ರಿಂದ 700 ಗ್ರಾಂ ಇಳಿಯುತ್ತಿದ್ದರೆ ಹಾಗೇ ಮುಂದುವರಿಯಿರಿ. ಮುಕ್ಕಾಲು ಕೆ.ಜಿ.ಗಿಂತ ಹೆಚ್ಚು ಇಳಿಯುತ್ತಿದ್ದರೆ ಊಟ ಸ್ವಲ್ಪ ಏರಿಸಿ. ನಾಲ್ಕು ವಾರ ತೂಕವೂ ಸೊಂಟವೂ ಕದಲದಿದ್ದರೆ ಮಿತಿಯನ್ನು 1,500ರಿಂದ ಇಳಿಸಲು ಹೋಗಬೇಡಿ. ಆಗ ಎಣ್ಣೆ, ಕಚೇರಿಯ ಕ್ಯಾಂಟೀನ್, ಸಂಜೆಯ ಕಾಫಿಯ ಸಕ್ಕರೆ ಇವನ್ನು ಒಂದು ವಾರ ಚಮಚದಲ್ಲಿ ಅಳೆದು ಬರೆಯಿರಿ. ಆ ಪಟ್ಟಿಯನ್ನು, ತೂಕದ ಸರಾಸರಿಗಳನ್ನು, ಮುಟ್ಟಿನ ದಿನಾಂಕಗಳನ್ನು ಸೇರಿಸಿ ನನಗೆ ಮತ್ತೆ ಬರೆಯಿರಿ. ಅಮ್ಮನ ಬೆಳಗಿನ ಸಕ್ಕರೆಯ ಅಂಕಿಗಳೂ ಜೊತೆಗಿರಲಿ.